ಹಸಿ ಕಸಕ್ಕೆ ಕಾಂಪೋಸ್ಟಬಲ್ ಚೀಲ: ಕೊಳ್ಳುವ ಮುಂಚಿನಿಂದ ಗೊಬ್ಬರವಾಗುವ ತನಕ

ಬೆಂಗಳೂರಿನ ನಮ್ಮ ಬೀದಿಗೆ ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಕಸದ ಆಟೋ ಬರುತ್ತದೆ. ಕೆಲವು ವರ್ಷಗಳ ಹಿಂದೆ, ಮೊದಲ ಸಲ ಕಾಂಪೋಸ್ಟಬಲ್ ಚೀಲ ಕೊಂಡುತಂದ ಹುಮ್ಮಸ್ಸಿನಲ್ಲಿ, ಅಡುಗೆಮನೆಯ ಕಸ ತುಂಬಿದ ಹಸಿರು ಚೀಲಕ್ಕೆ ಚೆಂದವಾಗಿ ಗಂಟು ಹಾಕಿ ತೆಗೆದುಕೊಂಡು ಹೋದೆ. ಆಟೋ ಜೊತೆ ಬರುವ ಪೌರಕಾರ್ಮಿಕ ಮಹಿಳೆ ಅದನ್ನು ನೋಡಿದ್ದೇ ಮುಖ ಸಿಂಡರಿಸಿದರು.

"ಅಕ್ಕಾ, ಕವರ್ ಹಾಕ್ಬೇಡಿ ಅಂತ ಎಷ್ಟ್ ಸಲ ಹೇಳೋದು?"

"ಇದು ಪ್ಲಾಸ್ಟಿಕ್ ಕವರ್ ಅಲ್ಲಮ್ಮ. ಕಸದ ಜೊತೆ ಇದೂ ಗೊಬ್ಬರ ಆಗುತ್ತೆ."

"ನೋಡಕ್ಕೆ ಕವರ್ ಥರಾನೇ ಐತಲ್ಲ. ಅಲ್ಲಿ ಯಾರಕ್ಕ ಅದ್ರ ಮೇಲಿರೋದನ್ನ ಓದ್ಕೊಂಡು ಕೂರ್ತಾರೆ?"

ಅಷ್ಟು ಹೇಳಿ ಚೀಲ ಹರಿದು, ಕಸವನ್ನು ಡ್ರಮ್ಮಿಗೆ ಸುರಿದು, ತೊಟ್ಟಿಕ್ಕುತ್ತಿದ್ದ ಖಾಲಿ ಚೀಲವನ್ನು ನನ್ನ ಕೈಗೇ ಕೊಟ್ಟರು. ಐದಾರು ರೂಪಾಯಿ ಕೊಟ್ಟು ಕೊಂಡಿದ್ದ ಚೀಲ. ಅದನ್ನು ಹಿಡಿದು ಮೆಟ್ಟಿಲು ಹತ್ತುವಾಗ ನನಗೆ ಹೊಳೆದದ್ದು ಇಷ್ಟು: ಚೀಲ ಯಾವುದರಿಂದ ಮಾಡಿದ್ದು ಎಂದು ವಿಚಾರಿಸಿದ್ದೆನೇ ಹೊರತು, ಅದು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಹಾಗಾಗಿ ಈ ಮಾರ್ಗದರ್ಶಿ ಅಂಗಡಿಯಿಂದ ಶುರುವಾಗುವುದಿಲ್ಲ, ಕಸದ ಕೊನೆಯ ನಿಲ್ದಾಣದಿಂದ ಶುರುವಾಗುತ್ತದೆ.

ಹೆಜ್ಜೆ 1: ನಿಮ್ಮ ಕಸ ಎಲ್ಲಿಗೆ ಹೋಗುತ್ತದೆ ಎಂದು ಪತ್ತೆಹಚ್ಚಿ

ನಿಮ್ಮ ಹಸಿ ಕಸ ಪಾಲಿಕೆಯ ಆಟೋಗೆ ಹೋಗುತ್ತಿದ್ದರೆ ಚೀಲ ಕೊಳ್ಳಲೇಬೇಡಿ. ಮಾರುವವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ, ಆದರೆ ವಿಷಯ ಹಾಗೇ ಇದೆ. ಬೆಂಗಳೂರಿನಲ್ಲಿ 2015ರ ಡಿಸೆಂಬರಿನ ಹೈಕೋರ್ಟ್ ಆದೇಶದ ನಂತರ 'ಎರಡು ಬುಟ್ಟಿ, ಒಂದು ಚೀಲ' ಎಂಬ ಪದ್ಧತಿ ಬಂತು. ಹಸಿ ಕಸಕ್ಕೆ ಹಸಿರು ಬುಟ್ಟಿ, ಪ್ಯಾಡು ಡಯಾಪರಿನಂಥದ್ದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಇದರಲ್ಲಿ ಹಸಿ ಕಸವನ್ನು ಯಾವ ಕವರೂ ಇಲ್ಲದೆ ಬುಟ್ಟಿಯಿಂದ ನೇರ ಸುರಿಯಬೇಕು. ಗೊಬ್ಬರದ ಘಟಕದಲ್ಲಿ ಸಾವಿರಾರು ಮನೆಗಳ ಕಸ ಬಂದು ಬೀಳುವಾಗ ಯಾವ ಚೀಲ ಕಾಂಪೋಸ್ಟಬಲ್, ಯಾವುದು ಪಾಲಿಥಿನ್ ಎಂದು ಕಣ್ಣಳತೆಯಲ್ಲಿ ಹೇಳುವುದು ಆಗದ ಮಾತು. ಚೀಲದಂತೆ ಕಂಡದ್ದೆಲ್ಲ ಪಕ್ಕಕ್ಕೆ ಹೋಗುತ್ತದೆ, ಒಳಗಿರುವ ಕಸದ ಸಮೇತ. ನಮ್ಮ ಬೀದಿಯ ಆ ಮಹಿಳೆ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಚೀಲದಲ್ಲೇ ಕಸ ಕೊಡುವ ಊರುಗಳೂ ಇವೆ. ಇಟಲಿಯ ಮಿಲಾನ್ 2012ರಿಂದ ಮನೆಮನೆಯ ಆಹಾರದ ಕಸವನ್ನು ಕಾಂಪೋಸ್ಟಬಲ್ ಚೀಲದಲ್ಲೇ ಸಂಗ್ರಹಿಸುತ್ತಿದೆ. ಅಲ್ಲಿ ಗಾಳಿಯಾಡುವ ಬುಟ್ಟಿ, ಅದಕ್ಕೆ ಹೊಂದುವ ಚೀಲ, ಚೀಲವನ್ನು ಅರಗಿಸಿಕೊಳ್ಳಬಲ್ಲ ಘಟಕ ಎಲ್ಲವೂ ಒಂದೇ ಸರಪಳಿ. ಅಂಗಡಿಗಳಲ್ಲಿ ಸಾಮಾನು ತರಲು ಕೊಡುವ ತೆಳು ಚೀಲವೂ ಕರಗುವಂಥದ್ದಾಗಿರಬೇಕೆಂದು ಇಟಲಿಯಲ್ಲಿ 2011ರಲ್ಲೇ ಕಾನೂನು ಬಂದಿತ್ತು. ನಮ್ಮಲ್ಲಿ ಚೀಲ ಮಾತ್ರ ಬಂದಿದೆ, ಸರಪಳಿ ಬಂದಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಸ್ವಂತ ಗೊಬ್ಬರದ ವ್ಯವಸ್ಥೆ ಇದ್ದರೆ ಉತ್ತರ ಬೇರೆಯಾಗಬಹುದು. ಅಸೋಸಿಯೇಷನ್ ಕಾರ್ಯದರ್ಶಿಯನ್ನು ಕೇಳಿ ಪ್ರಯೋಜನವಿಲ್ಲ, ದಿನವೂ ಆ ಕಸಕ್ಕೆ ಕೈ ಹಾಕುವವರನ್ನು ಕೇಳಿ. ಯಂತ್ರದಲ್ಲಿ ತಿರುಗುವ ಬ್ಲೇಡು ಇದೆಯೇ? ಇದ್ದರೆ ತೆಳು ಚೀಲ ಅದಕ್ಕೆ ದಾರದ ಹಾಗೆ ಸುತ್ತಿಕೊಳ್ಳುತ್ತದೆ, ಅದನ್ನು ಬಿಡಿಸುವ ಕೆಲಸ ಅವರದೇ. ಯಂತ್ರದಿಂದ ಬಂದದ್ದನ್ನು ಎಷ್ಟು ದಿನ ಮಾಗಲು ಬಿಡುತ್ತಾರೆ? ಹದಿನೈದು ಇಪ್ಪತ್ತು ದಿನ ಎಂದರೆ ಕಸ ಗೊಬ್ಬರದಂತೆ ಕಂಡರೂ ಚೀಲ ಚೀಲವಾಗಿಯೇ ಉಳಿದಿರುತ್ತದೆ. ತಿಂಗಳುಗಟ್ಟಲೆ ಬಿಸಿಯಾಗಿ ಮಾಗುವ ದೊಡ್ಡ ತೊಟ್ಟಿಗಳಿದ್ದರೆ ಮಾತ್ರ ಅಲ್ಲಿ ಚೀಲಕ್ಕೆ ಜಾಗವಿದೆ.

ಮನೆಯಲ್ಲೇ, ಬಾಲ್ಕನಿಯ ಮಡಕೆಯಲ್ಲೋ ತಾರಸಿಯ ಡ್ರಮ್ಮಿನಲ್ಲೋ ಗೊಬ್ಬರ ಮಾಡುವವರಿಗೆ ಚೀಲ ನಿಜಕ್ಕೂ ಉಪಯೋಗಕ್ಕೆ ಬರಬಹುದು. ಮುಂದಿನ ಹೆಚ್ಚಿನ ಮಾತು ಅವರಿಗೇ.

ಇನ್ನು ಹಿತ್ತಲಲ್ಲಿ ತಿಪ್ಪೆಗುಂಡಿ ಇರುವವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು. ನಿಮಗೆ ಚೀಲವೇ ಬೇಡ, ಬುಟ್ಟಿ ತೆಗೆದುಕೊಂಡು ಹೋಗಿ ಸುರಿಯಿರಿ.

ಹೆಜ್ಜೆ 2: ಚೀಲದ ಒಳಗುಟ್ಟು ತಿಳಿದುಕೊಳ್ಳಿ

'ಮೆಕ್ಕೆಜೋಳದ ಚೀಲ' ಎಂದು ಹೇಳಿ ಮಾರುತ್ತಾರೆ. ಅರ್ಧ ನಿಜ. ಈ ಚೀಲಗಳಲ್ಲಿ ಸಾಮಾನ್ಯವಾಗಿ ಪಿಷ್ಟ ಇಲ್ಲವೇ ಪಿಎಲ್‌ಎ ಎಂಬ ಪದಾರ್ಥ ಇರುತ್ತದೆ. ಪಿಎಲ್‌ಎ ಅನ್ನು ಮೆಕ್ಕೆಜೋಳ, ಕಬ್ಬಿನಂಥ ಬೆಳೆಗಳ ಸಕ್ಕರೆಯಿಂದ ಮಾಡುತ್ತಾರೆ. ಅದೊಂದೇ ಆದರೆ ಚೀಲ ಪಟಪಟ ಮುರಿಯುತ್ತದೆ. ಬಾಗುವ ಗುಣ ಬರಲೆಂದು ಪಿಬಿಎಟಿ ಎಂಬ ಇನ್ನೊಂದನ್ನು ಬೆರೆಸುತ್ತಾರೆ. ಈ ಪಿಬಿಎಟಿ ಹೆಚ್ಚಾಗಿ ಬರುವುದು ಪೆಟ್ರೋಲಿಯಂ ಮೂಲದಿಂದ. ಕೇಳಿ ಬೇಸರ ಮಾಡಿಕೊಳ್ಳಬೇಕಿಲ್ಲ, ಸೂಕ್ಷ್ಮಜೀವಿಗಳು ಅದನ್ನೂ ತಿನ್ನಬಲ್ಲವು. ಎಲ್ಲಿಂದ ಬಂತು ಎನ್ನುವುದು ಒಂದು ಪ್ರಶ್ನೆ, ಕರಗುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ. ಎರಡನ್ನೂ ಬೆರೆಸಿ ಮಾರುವುದು ವ್ಯಾಪಾರದ ಜಾಣತನ.

ಕರಗುವ ಬಗೆ ಹೀಗೆ. ಮೊದಲು ನೀರು ಮತ್ತು ಬಿಸಿ ಸೇರಿ ಈ ಪದಾರ್ಥದ ಉದ್ದುದ್ದ ಸರಪಳಿಗಳನ್ನು ತುಂಡು ಮಾಡುತ್ತವೆ. ತುಂಡುಗಳು ಸಾಕಷ್ಟು ಚಿಕ್ಕದಾದ ಮೇಲೆ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಅವನ್ನು ಉಣ್ಣುತ್ತವೆ. ಪಿಎಲ್‌ಎಯ ಮಟ್ಟಿಗೆ ಆ ಮೊದಲ ಹಂತ ಚುರುಕಾಗಲು 55–60 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಬೇಕು. ದೊಡ್ಡ ಘಟಕದ ಆಳೆತ್ತರದ ರಾಶಿಯಲ್ಲಿ ಅಷ್ಟು ಬಿಸಿ ವಾರಗಟ್ಟಲೆ ನಿಲ್ಲುತ್ತದೆ. ನಮ್ಮ ಬಾಲ್ಕನಿಯ ಮಡಕೆ ಚಿಕ್ಕದು. ಹೊಸ ಕಸ ಹಾಕಿದಾಗ ಕೈಗೆ ಬೆಚ್ಚಗೆ ತಾಗುತ್ತದೆ, ಆದರೆ ಆ ಬಿಸಿ ಹೆಚ್ಚು ದಿನ ಉಳಿಯುವುದಿಲ್ಲ.

'ಕಾಂಪೋಸ್ಟಬಲ್' ಎಂಬ ಮುದ್ರೆ ಕೊಡುವ ಪರೀಕ್ಷೆ ನಡೆಯುವುದೂ ಆ ದೊಡ್ಡ ರಾಶಿಯ ಲೆಕ್ಕದಲ್ಲೇ. ಸುಮಾರು 58 ಡಿಗ್ರಿಯಲ್ಲಿ, 12 ವಾರದೊಳಗೆ ಚೀಲ ಚೂರುಚೂರಾಗಿ, 2 ಮಿಲಿಮೀಟರ್ ಜರಡಿಯ ಮೇಲೆ ಶೇ 10ಕ್ಕಿಂತ ಹೆಚ್ಚು ಉಳಿಯಬಾರದು. 6 ತಿಂಗಳೊಳಗೆ ಅದರ ಇಂಗಾಲದ ಶೇ 90ರಷ್ಟು ಇಂಗಾಲದ ಡೈ ಆಕ್ಸೈಡ್ ಆಗಿ ಹೊರಬಂದಿರಬೇಕು. ಭಾರ ಲೋಹಗಳಿಗೂ ಮಿತಿ ಇದೆ, ಬಂದ ಗೊಬ್ಬರದಲ್ಲಿ ಗಿಡ ಸರಿಯಾಗಿ ಬೆಳೆಯುತ್ತದೆಯೇ ಎಂದೂ ನೋಡುತ್ತಾರೆ. ಪರೀಕ್ಷೆ ಗಟ್ಟಿಯಾಗಿಯೇ ಇದೆ. ಆದರೆ ಅದು ನಿಮ್ಮ ಮಡಕೆಯ ಪರೀಕ್ಷೆ ಅಲ್ಲ.

ಮನೆಯ ಗೊಬ್ಬರಕ್ಕೇ ಬೇರೆ ಮುದ್ರೆಗಳಿವೆ. ಟಿಯುವಿ ಆಸ್ಟ್ರಿಯಾ ಸಂಸ್ಥೆ ಕೊಡುವ 'ಓಕೆ ಕಾಂಪೋಸ್ಟ್ ಹೋಮ್' ಅಂಥದ್ದು. ಅದರ ಪರೀಕ್ಷೆ 20–30 ಡಿಗ್ರಿಯಲ್ಲಿ ನಡೆಯುತ್ತದೆ, ಚೂರಾಗಲು 6 ತಿಂಗಳು, ಪೂರ್ತಿ ಕರಗಲು 1 ವರ್ಷದ ಅವಧಿ ಕೊಡುತ್ತಾರೆ. ಮನೆಯಲ್ಲಿ ಗೊಬ್ಬರ ಮಾಡುವವರು ಹುಡುಕಬೇಕಾದ ಪದ ಆ 'ಹೋಮ್'.

ಹೆಜ್ಜೆ 3: ಅಂಗಡಿಯಲ್ಲಿ ಚೀಲದ ಮೇಲಿನ ಅಕ್ಷರ ಓದಿ

ನಾನು ಮೋಸಹೋದದ್ದು ಇಲ್ಲೇ. ಒಂದು ಸಲ 'ಬಯೋಡಿಗ್ರೇಡಬಲ್' ಎಂದು ದೊಡ್ಡದಾಗಿ ಬರೆದ, ಮೇಲೊಂದು ಎಲೆಯ ಚಿತ್ರವಿದ್ದ ರೋಲ್ ತಂದೆ. ಮಡಕೆಗೆ ಹಾಕಿದ ಆ ಚೀಲ ಎಂಟು ತಿಂಗಳ ನಂತರ ಜರಡಿ ಹಿಡಿದಾಗ ಎಲೆಯ ಚಿತ್ರದ ಸಮೇತ ಹಾಗೇ ಸಿಕ್ಕಿತು.

ಚೀಲದ ಮೇಲೆಯೇ 'ಕಾಂಪೋಸ್ಟಬಲ್' ಎಂಬ ಪದ ಮುದ್ರಿತವಾಗಿರಬೇಕು. ಹೊರಗಿನ ಪೊಟ್ಟಣದ ಮೇಲೆ ಇದ್ದರೆ ಸಾಲದು. ಜೊತೆಗೆ ಐಎಸ್/ಐಎಸ್‌ಒ 17088 ಎಂಬ ಮಾನದಂಡದ ಸಂಖ್ಯೆ, ತಯಾರಕರ ಹೆಸರು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಪ್ರಮಾಣಪತ್ರದ ಸಂಖ್ಯೆ ಇವನ್ನು ಹುಡುಕಿ. ನಮ್ಮ ದೇಶದಲ್ಲಿ ಕಾಂಪೋಸ್ಟಬಲ್ ಚೀಲ ತಯಾರಿಸಿ ಮಾರಬೇಕಾದರೆ ಈ ಮಂಡಳಿಯ ಪ್ರಮಾಣಪತ್ರ ಬೇಕೇ ಬೇಕು, ಪಡೆದವರ ಪಟ್ಟಿ ಮಂಡಳಿಯ ಜಾಲತಾಣದಲ್ಲೇ ಇದೆ. ಅನುಮಾನ ಬಂದರೆ ಅಂಗಡಿಯಲ್ಲಿ ನಿಂತೇ ಮೊಬೈಲಿನಲ್ಲಿ ನೋಡಬಹುದು. ಅಂಗಡಿಯವರು ಗೊಣಗಿದರೆ ಗೊಣಗಲಿ.

'ಆಕ್ಸೋ' ಎಂಬ ಪದ ಕಂಡರೆ ಕೆಳಗಿಡಿ. ಅದು ಸಾದಾ ಪ್ಲಾಸ್ಟಿಕ್ಕಿಗೆ ಬೇಗ ಪುಡಿಯಾಗಲೆಂದು ರಾಸಾಯನಿಕ ಬೆರೆಸಿದ್ದು, ಕಣ್ಣಿಗೆ ಕಾಣದಷ್ಟು ಚೂರಾಗಿ ಮಣ್ಣಿನಲ್ಲೇ ಉಳಿಯುತ್ತದೆ. ಯುರೋಪಿನ ಒಕ್ಕೂಟ ಅದನ್ನು 2021ರಿಂದ ನಿಷೇಧಿಸಿದೆ. 'ಬಯೋಡಿಗ್ರೇಡಬಲ್', 'ಇಕೋ ಫ್ರೆಂಡ್ಲಿ', 'ಅರ್ತ್ ಸೇಫ್' ಎಂದಷ್ಟೇ ಬರೆದು ಮಾನದಂಡದ ಸಂಖ್ಯೆ ಇಲ್ಲದಿದ್ದರೆ ಅದೂ ಬೇಡ.

ದಪ್ಪದ ಬಗ್ಗೆ ಒಂದು ಗೊಂದಲ ಇದೆ. ಪ್ಲಾಸ್ಟಿಕ್ ಕೈಚೀಲ 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗಿಂತ ತೆಳ್ಳಗಿರಬಾರದು ಎಂಬುದು ಕೇಂದ್ರದ ನಿಯಮ. ಕಾಂಪೋಸ್ಟಬಲ್ ಚೀಲಕ್ಕೆ ಈ ದಪ್ಪದ ನಿಯಮ ಅನ್ವಯಿಸುವುದಿಲ್ಲ. ಆದ್ದರಿಂದ ತೆಳ್ಳಗಿದೆ ಎಂದ ಮಾತ್ರಕ್ಕೆ ನಕಲಿ ಎಂದುಕೊಳ್ಳಬೇಡಿ. ಅಡುಗೆಮನೆಯ ಬುಟ್ಟಿಗೆ ತೆಳ್ಳಗಿರುವುದೇ ಲೇಸು, ಬೇಗ ಕರಗುತ್ತದೆ.

ಮುಟ್ಟಿ ನೋಡಿದರೆ ಗೊತ್ತಾಗುತ್ತದೆಯೇ? ಸ್ವಲ್ಪ ಮಟ್ಟಿಗೆ. ಒಳ್ಳೆಯ ಚೀಲ ಮೃದುವಾಗಿ, ಹೆಚ್ಚು ಸರಸರ ಸದ್ದು ಮಾಡದೆ, ಎಳೆದರೆ ಹಿಗ್ಗುತ್ತದೆ. ಆದರೆ ಇದನ್ನೇ ನಂಬಿ ಕೊಳ್ಳುವುದು ಬೇಡ. ಸುಟ್ಟು ನೋಡುವುದಂತೂ ಬೇಡವೇ ಬೇಡ.

ಹೆಜ್ಜೆ 4: ಬುಟ್ಟಿಯನ್ನು ಅಳೆದು ಚೀಲದ ಅಳತೆ ಹುಡುಕಿ

ಚೀಲ ಸೋರುತ್ತದೆ, ಹರಿಯುತ್ತದೆ ಎನ್ನುವ ದೂರುಗಳಲ್ಲಿ ಎಷ್ಟೋ ಸಲ ತಪ್ಪು ಅಳತೆಯದ್ದು. ಬಿಗಿಯಾದ ಚೀಲ ಬುಟ್ಟಿಯ ಬಾಯಿಗೆ ಎಳೆದು ಸಿಕ್ಕಿಸುವಾಗಲೇ ಅಂಚಿನಲ್ಲಿ ಸೀಳುತ್ತದೆ. ದರ್ಜಿಯ ಟೇಪು ತನ್ನಿ.

ಬುಟ್ಟಿಯ ಬಾಯಿಯ ಸುತ್ತಳತೆ ತೆಗೆದುಕೊಂಡು ಅರ್ಧ ಮಾಡಿ, ಒಂದು ಇಂಚು ಸೇರಿಸಿ. ಇದು ಚೀಲದ ಅಗಲ. ಬುಟ್ಟಿಯ ಎತ್ತರಕ್ಕೆ ತಳದ ಅಡ್ಡಳತೆಯ ಅರ್ಧ ಸೇರಿಸಿ, ಬಾಯಿಗೆ ಮಡಚಲು ಮೂರು ಇಂಚು ಕೂಡಿಸಿ. ಇದು ಉದ್ದ. ಉದಾಹರಣೆಗೆ, ಬಾಯಿ ಮತ್ತು ತಳ ಎರಡೂ 9 ಇಂಚು ಅಡ್ಡಳತೆ, 10 ಇಂಚು ಎತ್ತರದ ಬುಟ್ಟಿ. ಸುತ್ತಳತೆ ಸುಮಾರು 28 ಇಂಚು, ಅರ್ಧ 14, ಒಂದು ಕೂಡಿದರೆ ಅಗಲ 15. ಉದ್ದ 10 ಮತ್ತು ನಾಲ್ಕೂವರೆ ಮತ್ತು 3, ಅಂದರೆ ಹದಿನೇಳೂವರೆ. ಅಂಗಡಿಯಲ್ಲಿ 'ಸ್ಮಾಲ್' ಎಂದು ಸಿಗುವ, 17 ಇಂಚು ಅಗಲ, 19 ಇಂಚು ಉದ್ದದ ಚೀಲ ಇದಕ್ಕೆ ಸರಿಹೋಗುತ್ತದೆ.

ದೊಡ್ಡ ಬುಟ್ಟಿ, ದೊಡ್ಡ ಚೀಲದ ಆಸೆ ಬೇಡ. ಹಸಿ ಕಸ ತೂಕದ್ದು. ಐದು ಲೀಟರಿನ ಬುಟ್ಟಿಯಾದರೆ ತುಂಬುವ ಮುಂಚೆ ಕೊಳೆಯುವುದಿಲ್ಲ, ಎತ್ತುವಾಗ ತಳ ಕಳಚಿಕೊಳ್ಳುವುದಿಲ್ಲ. ಬದಿಯಲ್ಲಿ ತೂತುಗಳಿರುವ ಬುಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು. ಈ ಚೀಲ ನೀರಿನ ಆವಿಯನ್ನು ಹೊರಬಿಡುತ್ತದೆ. ಗಾಳಿಯಾಡಿದರೆ ಒಳಗಿನ ಕಸ ಒಣಗಿ ಹಗುರಾಗುತ್ತದೆ, ನಾತವೂ ಕಡಿಮೆ. ಮಿಲಾನಿನ ಬುಟ್ಟಿಗಳ ತೂತಿನ ಗುಟ್ಟೂ ಇದೇ.

ಹೆಜ್ಜೆ 5: ಚೀಲಕ್ಕೆ ಹೋಗುವ ಕಸವನ್ನು ಸೋಸಿ

ಈ ಚೀಲದ ಮೊದಲ ಶತ್ರು ನೀರು, ಎರಡನೆಯದು ಬಿಸಿ. ಗೊಬ್ಬರದ ಮಡಕೆಯಲ್ಲಿ ಅವೆರಡೂ ಬೇಕು, ಅಡುಗೆಮನೆಯಲ್ಲಿ ಬೇಡ. ನಿನ್ನೆಯ ಸಾರು, ಮಜ್ಜಿಗೆಹುಳಿ, ಅನ್ನ ಬಸಿದ ಗಂಜಿ ಯಾವುದನ್ನೂ ಚೀಲಕ್ಕೆ ಸುರಿಯಬೇಡಿ. ಸಾರಿನಲ್ಲಿ ಉಳಿದ ನುಗ್ಗೆಕಾಯಿ ಜಿಬ್ಬು, ಕರಿಬೇವು, ಹುಣಸೆ ಚರಟ ಸಿಂಕಿನ ಜಾಲರಿಯಲ್ಲಿ ಅರ್ಧ ಗಂಟೆ ಬಸಿಯಲಿ. ಫಿಲ್ಟರಿನಿಂದ ಆಗಷ್ಟೇ ತಟ್ಟಿದ ಕಾಫಿ ಚರಟ, ಸೋಸಿದ ಟೀ ಪುಡಿ ಆರುವ ತನಕ ತಟ್ಟೆಯಲ್ಲಿರಲಿ. ಬಿಸಿಯಾಗಿ ಹಾಕಿದರೆ ಚೀಲ ಅಲ್ಲೇ ಮೆತ್ತಗಾಗುತ್ತದೆ.

ಚೀಲ ಹಾಕುವ ಮುಂಚೆ ಬುಟ್ಟಿಯ ತಳಕ್ಕೆ ಹಳೆ ಪತ್ರಿಕೆಯ ಒಂದು ಹಾಳೆ ಮಡಚಿಡಿ, ಚೀಲದೊಳಗೆ ಒಂದು ಹಿಡಿ ತೆಂಗಿನ ನಾರಿನ ಪುಡಿಯನ್ನೋ ಒಣ ಎಲೆಯನ್ನೋ ಹರಡಿ. ಈ ಒಂದು ಹಿಡಿಯಿಂದ ಆಗುವ ಉಪಕಾರ ದಪ್ಪ ಚೀಲದಿಂದ ಆಗುವುದಿಲ್ಲ.

ಕಸದ ಜೊತೆ ಕಳ್ಳತನದಲ್ಲಿ ಒಳಹೋಗುವ ಸಾಮಾನುಗಳ ಮೇಲೆ ಕಣ್ಣಿರಲಿ. ಸೊಪ್ಪಿನ ಕಟ್ಟಿಗೆ ಹಾಕಿದ ರಬ್ಬರ್ ಬ್ಯಾಂಡು. ಸೇಬಿನ ಮೇಲಿನ ಸ್ಟಿಕ್ಕರ್. ದೇವರ ಹೂವಿನ ನೂಲು (ಬಾಳೆ ನಾರಿನಲ್ಲಿ ಕಟ್ಟಿದ ಹೂವಾದರೆ ಹಾಗೇ ಹಾಕಬಹುದು). ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆಯಂತೂ ನಮ್ಮ ಮನೆಯ ಗೊಬ್ಬರದಲ್ಲಿ ಸಿಗದ ತಿಂಗಳಿಲ್ಲ. ಕೆಲವು ಬಗೆಯ ಟೀ ಬ್ಯಾಗುಗಳೂ ಪ್ಲಾಸ್ಟಿಕ್ ಎಳೆಯವು, ಹರಿದು ಒಳಗಿನ ಪುಡಿ ಮಾತ್ರ ಹಾಕಿ.

ತೆಂಗಿನ ಕರಟ, ಮಾವಿನ ಗೊರಟು, ಮೂಳೆ ಚೀಲವನ್ನು ಚುಚ್ಚಿ ಹರಿಯುತ್ತವೆ, ಮಡಕೆಯಲ್ಲೂ ವರ್ಷಗಟ್ಟಲೆ ಇರುತ್ತವೆ. ಅವನ್ನು ಬೇರೆ ಇಡಿ. ಹಲಸಿನ ಹಣ್ಣು ಬಿಡಿಸಿದ ದಿನ ಆ ರೆಚ್ಚೆಯನ್ನು ಯಾವ ಚೀಲಕ್ಕೂ ತುಂಬಲು ಹೋಗಬೇಡಿ. ಕಾಗದದ ಮೇಲೆ ಹರಡಿ ಒಂದು ದಿನ ಬಾಡಿಸಿ, ಕತ್ತರಿಸಿ ನೇರ ಮಡಕೆಗೆ.

ಅವರೆಕಾಯಿ ಕಾಲಕ್ಕೂ ಇದೇ ಮಾತು. ಡಿಸೆಂಬರ್, ಜನವರಿಯಲ್ಲಿ ಸೊಗಡವರೆ ಬಿಡಿಸಲು ಕೂತರೆ ಕಾಳು ಒಂದು ಬೋಗುಣಿ, ಸಿಪ್ಪೆ ಒಂದು ಮಂಕರಿ. ಮೂರು ಚೀಲ ಖಾಲಿ ಮಾಡುವ ಬದಲು ಬಿಸಿಲಿಗೆ ಹರಡಿ. ಎರಡು ದಿನಕ್ಕೆ ಕಾಲು ಭಾಗ ಆಗುತ್ತದೆ, ಒಣಗಿದ ಸಿಪ್ಪೆ ತಿಂಗಳುಗಟ್ಟಲೆ ಮಡಕೆಗೆ ಒಣ ಪದಾರ್ಥವಾಗಿ ಒದಗುತ್ತದೆ. ಹಿತಕಿದ ಬೇಳೆಯ ಹೊಟ್ಟು ಮಾತ್ರ ನೀರುನೀರಾಗಿರುತ್ತದೆ, ಅದನ್ನು ಅಂದೇ ಮಡಕೆಗೆ ಹಾಕಿ. ಹೀರೇಕಾಯಿ ಸಿಪ್ಪೆಯ ಮಾತು ಇಲ್ಲಿ ಎತ್ತುವುದಿಲ್ಲ, ಅದು ಚಟ್ನಿಗೆ ಹೋಗಬೇಕಾದದ್ದು.

ಹೆಜ್ಜೆ 6: ಎರಡು ದಿನಕ್ಕೊಮ್ಮೆ ಬದಲಾಯಿಸಿ

ಬುಟ್ಟಿ ತುಂಬಲಿ, ತುಂಬದಿರಲಿ, ಎರಡು ದಿನಕ್ಕಿಂತ ಹೆಚ್ಚು ಬಿಡಬೇಡಿ. ಮೀನು, ಮಾಂಸದ ಅಡುಗೆಯ ದಿನವಾದರೆ ಅದೇ ರಾತ್ರಿ. ಮಳೆಗಾಲದ ಕರಾವಳಿಯಲ್ಲಿ ಒಂದೇ ದಿನ ಎಂದಿಟ್ಟುಕೊಳ್ಳಿ. ಬಾಯಿಯವರೆಗೆ ತುಂಬದೆ ಮುಕ್ಕಾಲಿಗೆ ನಿಲ್ಲಿಸಿ, ಅಂಚನ್ನು ಸಡಿಲವಾಗಿ ತಿರುಚಿ, ಒಂದು ಕೈ ಬಾಯಿಗೆ, ಇನ್ನೊಂದು ಕೈ ತಳಕ್ಕೆ ಕೊಟ್ಟು ಎತ್ತಿ. ನನ್ನ ಮೊದಲ ತಿಂಗಳಲ್ಲಿ ಬಾಯಿ ಹಿಡಿದು ತೂಗಾಡಿಸಿಕೊಂಡು ತಾರಸಿಗೆ ಹತ್ತುವಾಗ ಎರಡನೇ ಮಹಡಿಯ ಮೆಟ್ಟಿಲ ಮೇಲೆ ತಳ ಕಳಚಿತು. ಕೆಳಗಿನ ಮನೆಯವರು ಏನೂ ಅನ್ನಲಿಲ್ಲ. ಅದೇ ಹೆಚ್ಚು ಕಷ್ಟವಾದದ್ದು.

ಹೆಜ್ಜೆ 7: ಮಡಕೆಗೆ ಹಾಕುವ ಕ್ರಮ

ಗಂಟು ಕಟ್ಟಿದ ಚೀಲವನ್ನು ಇಡಿಯಾಗಿ ಮಡಕೆಗೆ ಎಸೆಯುವುದು ಎಲ್ಲರೂ ಮಾಡುವ ತಪ್ಪು. ಒಳಗೆ ಗಾಳಿ ಇಲ್ಲದೆ ಕಸ ಹುಳಿಯುತ್ತದೆ. ಚೀಲ ಹೊರಗಿನಿಂದ ಒಣಗಿರುತ್ತದೆ, ಒಳಗಡೆ ನಾರುತ್ತಿರುತ್ತದೆ. ಮೂರು ತಿಂಗಳ ನಂತರ ತೆಗೆದರೆ ಕಪ್ಪು ಗಂಜಿ ತುಂಬಿದ ಉಂಡೆಯೊಂದು ಸಿಗುತ್ತದೆ.

ಮೊದಲು ಕಸ ಸುರಿಯಿರಿ. ಅದರ ಮೇಲೆ ಅಳತೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಒಣ ಪದಾರ್ಥ ಹಾಕಿ: ತರಗೆಲೆ, ತೆಂಗಿನ ನಾರಿನ ಪುಡಿ, ಮರದ ಹೊಟ್ಟು, ಹರಿದ ರಟ್ಟು, ಯಾವುದಿದೆಯೋ ಅದು. ಕಸ ಬಹಳ ಒದ್ದೆಯಾಗಿದ್ದರೆ ಎರಡು ಪಾಲು. ಹುಳಿ ಮಜ್ಜಿಗೆಯನ್ನೋ ಸಗಣಿ ನೀರನ್ನೋ ಸ್ವಲ್ಪ ಚಿಮುಕಿಸಿದರೆ ಕೆಲಸ ಬೇಗ ಶುರುವಾಗುತ್ತದೆ, ಇಲ್ಲದಿದ್ದರೆ ಹಳೆ ಗೊಬ್ಬರದ ಒಂದು ಹಿಡಿ ಸಾಕು.

ಚೀಲಕ್ಕೆ ಬೇರೆ ಉಪಚಾರ. ಹಸ್ತದಷ್ಟು ಅಗಲದ ತುಂಡುಗಳಾಗಿ ಹರಿದು, ಒದ್ದೆ ಕಸದ ನಡುವೆ ಹರಡಿ ಸೇರಿಸಿ. ಮೇಲ್ಪದರದಲ್ಲಿ ಬಿಟ್ಟರೆ ಒಣಗಿ ಹಾಗೇ ಉಳಿಯುತ್ತದೆ. ಒಂದರ ಮೇಲೊಂದು ಅಂಟಿದ ತುಂಡುಗಳ ನಡುವೆ ಗಾಳಿ ನುಗ್ಗುವುದಿಲ್ಲ, ಬಿಡಿಸಿ ಹಾಕಿ. ಎಲ್ಲ ಚೀಲವನ್ನೂ ಹಾಕಲೇಬೇಕೆಂದಿಲ್ಲ. ಚೀಲ ಕೊಳಕಾಗದೆ ಉಳಿದಿದ್ದರೆ ಮುಂದಿನ ಎರಡು ದಿನಕ್ಕೆ ಮತ್ತೆ ಬುಟ್ಟಿಗೆ ಹಾಕಿ. ಹತ್ತು ಬುಟ್ಟಿ ಕಸಕ್ಕೆ ಎರಡು ಮೂರು ಚೀಲ ಸೇರಿದರೆ ಚಿಕ್ಕ ಮಡಕೆ ತಡೆದುಕೊಳ್ಳುತ್ತದೆ. ಪ್ರತಿ ಬುಟ್ಟಿಗೊಂದು ಚೀಲವಾದರೆ ಮಡಕೆಯ ತುಂಬ ಚೀಲವೇ.

ವಾರಕ್ಕೊಮ್ಮೆ ಕೋಲಿನಿಂದ ಕೆದಕಿ. ಹಿಡಿಯಲ್ಲಿ ಹಿಂಡಿದರೆ ಬೆರಳ ಸಂದಿನಲ್ಲಿ ಒಂದೆರಡು ಹನಿ ಕಾಣುವಷ್ಟು ತೇವ ಇರಲಿ. ತರಕಾರಿ ಕಸ ಎರಡು ಮೂರು ತಿಂಗಳಲ್ಲಿ ಮಣ್ಣಿನ ವಾಸನೆಗೆ ಬಂದಿರುತ್ತದೆ. ಚೀಲದ ತುಂಡುಗಳು ಆಗಿನ್ನೂ ಜಾಳುಜಾಳಾಗಿ, ಮುಟ್ಟಿದರೆ ಚೂರಾಗುವ ಸ್ಥಿತಿಯಲ್ಲಿರಬಹುದು. ಜರಡಿ ಹಿಡಿದು, ಉಳಿದದ್ದನ್ನು ಹೊಸ ಮಡಕೆಯ ತಳಕ್ಕೆ ಹಾಕಿ. ಎರಡನೇ ಸುತ್ತಿನಲ್ಲೂ ಗಟ್ಟಿಯಾಗಿ ಸಿಕ್ಕಿದರೆ ಆ ಬ್ರ್ಯಾಂಡು ನಿಮ್ಮ ಮಡಕೆಗೆ ಹೇಳಿದ್ದಲ್ಲ.

ಹೆಜ್ಜೆ 8: ನಿಮ್ಮ ಚೀಲವನ್ನು ನೀವೇ ಪರೀಕ್ಷಿಸಿ

ಹೊಸ ರೋಲ್ ತಂದಾಗಲೆಲ್ಲ ನಾನು ಇದನ್ನು ಮಾಡುತ್ತೇನೆ. ಈರುಳ್ಳಿ ಬರುವ ಬಲೆಚೀಲ ಎರಡು ತೆಗೆದುಕೊಳ್ಳಿ. ಒಂದರಲ್ಲಿ ಹೊಸ ಚೀಲದ ಅಂಗೈಯಗಲದ ತುಂಡು, ಇನ್ನೊಂದರಲ್ಲಿ ಅಷ್ಟೇ ದೊಡ್ಡ ಸಾದಾ ಪ್ಲಾಸ್ಟಿಕ್ ತುಂಡು. ಎರಡರಲ್ಲೂ ಒದ್ದೆ ಗೊಬ್ಬರ ತುಂಬಿ, ಬಾಯಿ ಕಟ್ಟಿ, ಉದ್ದ ದಾರ ಹೊರಗೆ ಬಿಟ್ಟು ಮಡಕೆಯ ಮಧ್ಯದಲ್ಲಿ ಹೂಳಿ. ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕಿ. ನಾಲ್ಕು, ಎಂಟು, ಹನ್ನೆರಡು ವಾರಕ್ಕೆ ಎಳೆದು ನೋಡಿ. ಪ್ಲಾಸ್ಟಿಕ್ ಹೇಗೂ ಬದಲಾಗಿರುವುದಿಲ್ಲ. ಚೀಲದ ತುಂಡು ಮಾಸಿ, ಅಂಚು ಸವೆದು, ತೂತು ಬಿದ್ದಿದ್ದರೆ ಸರಿಯಾದ ದಾರಿಯಲ್ಲಿದೆ. ಎರಡೂ ಒಂದೇ ಥರ ಕಂಡರೆ, ಕೊಟ್ಟ ದುಡ್ಡು ಎಲೆಯ ಚಿತ್ರಕ್ಕೆ ಹೋಯಿತು.

ಬಿಸಿನೀರಿಗೆ ಹಾಕಿ ಕರಗಿಸಿ ತೋರಿಸುವ ವಿಡಿಯೋಗಳು ಓಡಾಡುತ್ತವೆ. ಬಿಸಿನೀರಲ್ಲಿ ಕರಗದ್ದು ನಕಲಿ ಎಂದೇನೂ ಅಲ್ಲ. ಅಡುಗೆಮನೆಯ ಬುಟ್ಟಿಗೆ ಹಾಕುವ ಚೀಲ ನೀರಿನಲ್ಲಿ ಕರಗುವಂತಿದ್ದರೆ ಅದನ್ನು ಬಳಸುವುದಾದರೂ ಹೇಗೆ?

ಚೀಲವೇ ಬೇಡ ಎನ್ನುವವರಿಗೆ: ಪತ್ರಿಕೆಯ ಒಳಪದರ

ಪಾಲಿಕೆಯ ಆಟೋಗೆ ಕಸ ಕೊಡುವವರು ಬುಟ್ಟಿ ತೊಳೆಯುವ ಕಷ್ಟಕ್ಕೇ ಚೀಲ ಹುಡುಕುವುದು. ಅದಕ್ಕೆ ಕಾಗದ ಸಾಕು. ಪತ್ರಿಕೆಯ ಮೂರು ದೊಡ್ಡ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಚೌಕವಾಗಿ ಕತ್ತರಿಸಿ. ಮೂಲೆಗೆ ಮೂಲೆ ಸೇರಿಸಿ ತ್ರಿಕೋನ ಮಾಡಿ, ಮಡಿಕೆಯ ಬದಿ ನಿಮ್ಮ ಕಡೆಗಿರಲಿ. ಬಲಮೂಲೆಯನ್ನು ಎಡ ಅಂಚಿನ ನಡುವಿಗೆ, ಎಡಮೂಲೆಯನ್ನು ಬಲ ಅಂಚಿನ ನಡುವಿಗೆ ಮಡಚಿ. ಮೇಲೆ ಉಳಿದ ತುದಿಯಲ್ಲಿ ಎರಡು ಪದರಗಳಿರುತ್ತವೆ. ಒಂದನ್ನು ಮುಂದಕ್ಕೆ ಮಡಚಿ ಅಲ್ಲಿರುವ ಜೇಬಿನೊಳಗೆ ಸಿಕ್ಕಿಸಿ, ಇನ್ನೊಂದನ್ನು ಹಿಂದಕ್ಕೆ. ಬಾಯಿ ತೆರೆದರೆ ಬುಟ್ಟಿಯೊಳಗೆ ಕೂರುವ ಕಾಗದದ ಲೋಟ. ಒಮ್ಮೆ ಕೈಗೆ ಬಂದರೆ ಒಂದು ನಿಮಿಷದ ಕೆಲಸ. ಬೆಳಿಗ್ಗೆ ಬುಟ್ಟಿ ಬೋರಲು ಹಾಕಿದರೆ ಕಸ ಕಾಗದದ ಸಮೇತ ಬೀಳುತ್ತದೆ. ನಮ್ಮ ಬೀದಿಯ ಪೌರಕಾರ್ಮಿಕ ಮಹಿಳೆ ಇದಕ್ಕೆ ಇದುವರೆಗೆ ತಕರಾರು ಮಾಡಿಲ್ಲ.

ಮನೆಯಲ್ಲಿ ಮಡಕೆ ಇರುವ ನಾನೂ ಈಗ ಹೆಚ್ಚಿನ ದಿನ ಕಾಗದವನ್ನೇ ಬಳಸುವುದು. ಚೀಲ ತೆಗೆಯುವುದು ಹಬ್ಬದ ಅಡುಗೆ, ನೆಂಟರು ಬಂದಾಗ, ಮೀನಿನ ದಿನ, ಇಲ್ಲವೇ ಊರಿಗೆ ಹೋಗುವ ಮುಂಚೆ.

ಬಳಸುವಾಗ ಎದುರಾಗುವ ತೊಂದರೆಗಳು

ಬುಟ್ಟಿಯ ಸುತ್ತ ಸಣ್ಣ ನೊಣ ಹಾರಾಡಿದರೆ ಬಾಳೆಹಣ್ಣಿನ ಸಿಪ್ಪೆ ಮೇಲೆ ಬಿದ್ದಿರುತ್ತದೆ, ಅದರ ಮೇಲೆ ಒಣ ಪುಡಿ ಹಾಕಿ. ಚೀಲದ ಮೇಲೋ ಕಸದ ಮೇಲೋ ಬಿಳಿ ಬೂಷ್ಟು ಕಂಡರೆ ಗಾಬರಿ ಬೇಡ, ನಿಮಗೆ ಬೇಕಾದ ಕೆಲಸಗಾರರೇ ಅವರು. ಮಡಕೆಯಲ್ಲಿ ಬೂದು ಬಣ್ಣದ ದಪ್ಪ ಹುಳುಗಳು ಬಂದರೂ ಹಾಗೆಯೇ. ಅವು ಕಸವನ್ನು ಬಹಳ ಬೇಗ ತಿಂದು ಮುಗಿಸುತ್ತವೆ, ಆದರೆ ಚೀಲವನ್ನು ಮುಟ್ಟುವುದಿಲ್ಲ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಲದು, ಕೆದಕಿ ಒಣ ಎಲೆ ಸೇರಿಸಿ.

ಬಳಸಿದ ಕಾಂಪೋಸ್ಟಬಲ್ ಚೀಲವನ್ನು ಒಣ ಕಸದ ಪ್ಲಾಸ್ಟಿಕ್ಕಿನ ಜೊತೆ ಹಾಕಬೇಡಿ. ಮರುಬಳಕೆಗೆ ಕರಗಿಸುವ ಪ್ಲಾಸ್ಟಿಕ್ಕಿನಲ್ಲಿ ಇದು ಬೆರೆತರೆ ಆ ರಾಶಿಯ ಗುಣ ಕೆಡುತ್ತದೆ. ಚರಂಡಿ, ರಾಜಕಾಲುವೆಗೆ ಎಸೆದರೂ ಕರಗುವುದಿಲ್ಲ. ಅಲ್ಲಿ ಇದು ಇನ್ನೊಂದು ಕವರ್ ಅಷ್ಟೇ. ಡಯಾಪರು, ಪ್ಯಾಡು ಸುತ್ತಲು ಈ ದುಬಾರಿ ಚೀಲ ಬಳಸುವವರಿದ್ದಾರೆ. ಅವು ಹೋಗುವುದು ಕೆಂಪು ಬುಟ್ಟಿಗೆ, ಗೊಬ್ಬರಕ್ಕಲ್ಲ. ಪತ್ರಿಕೆಯಲ್ಲಿ ಸುತ್ತಿ ಗುರುತು ಹಾಕಿದರೆ ಸಾಕು.

ಕೊನೆಗೆ ದಾಸ್ತಾನಿನ ವಿಷಯ. ರಿಯಾಯಿತಿ ಇದೆ ಎಂದು ವರ್ಷಕ್ಕಾಗುವಷ್ಟು ರೋಲ್ ತಂದು ಸ್ಟೋವಿನ ಮೇಲಿನ ಕಪಾಟಿನಲ್ಲಿ ಇಡಬೇಡಿ. ಕರಗಲೆಂದೇ ಮಾಡಿದ ಚೀಲ, ಬಿಸಿ ಮತ್ತು ಹಬೆ ತಾಗಿದರೆ ರೋಲಿನಲ್ಲೇ ಮುಪ್ಪಾಗುತ್ತದೆ, ಬಿಚ್ಚುವಾಗ ಹಪ್ಪಳದ ಹಾಗೆ ಹರಿಯುತ್ತದೆ. ತಯಾರಾದ ತಿಂಗಳು ನೋಡಿ ಕೊಳ್ಳಿ, ಒಂದು ವರ್ಷದೊಳಗೆ ಮುಗಿಸಿ, ಬಿಸಿಲು ಬೀಳದ ಒಣ ಡಬ್ಬಿಯಲ್ಲಿಡಿ. ಹಳತಾಗಿ ಹರಿಯುವ ರೋಲ್ ಇದ್ದರೆ ಬಿಸಾಡಬೇಡಿ, ಚೂರು ಮಾಡಿ ಸ್ವಲ್ಪ ಸ್ವಲ್ಪವಾಗಿ ಮಡಕೆಗೆ ಸೇರಿಸುತ್ತಾ ಬನ್ನಿ.